ಊಟ ಆಗಿ ಎಷ್ಟು ಹೊತ್ತಾಯ್ತು?

ನಮ್ಮ ಭಾವ ಜನರ ಎಚ್ಚರ ತಪ್ಪಿಸಿ ಸಂಸಾರ ಸಾಗಿಸುವವರು! ಗಾಬರಿಯಾಗಿ ಪೊಲೀಸರಿಗೆ ಫೋನು ಮಾಡಬೇಡಿ, ಅದಕ್ಕೆಂದೇ ಅವರಿಗೆ ತಿಂಗಳಾ ತಿಂಗಳಾ ಸಂಬಳ ಬರುತ್ತದೆ. ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಅವರು ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸುವುದು, ಸರ್ಜನ್ ಕೊಯ್ದು ಹೊಲಿದು ಮುಗಿಸುವ ತನಕ ತಲೆಯ ಹತ್ತಿರ ಕೂತು ಉಸಿರು ಕಾಯುವುದು, ಆಮೇಲೆ ಎಬ್ಬಿಸುವುದು. ಜನರನ್ನು ಮಲಗಿಸುವ ವಿದ್ಯೆ ನಮ್ಮ ಕನ್ನಡ ಕೂಟದ ಭಾಷಣಕಾರರಿಗೂ ಗೊತ್ತಿದೆ, ಒಪ್ಪುತ್ತೇನೆ. ಆದರೆ ಎಬ್ಬಿಸುವ ಜವಾಬ್ದಾರಿಯನ್ನು ಅವರು ಹೊರುವುದಿಲ್ಲ. ಭಾವ ಹೊರುತ್ತಾರೆ. ಔಷಧಿ ಕೊಡುವ ಮುಂಚೆ ಪ್ರತಿಯೊಬ್ಬ ರೋಗಿಯ ಕೈ ಹಿಡಿದು, "ನೀವು ಏಳೋವರೆಗೂ ನಾನು ಇಲ್ಲೇ ಇರ್ತೀನಿ" ಎಂದು ಅವರವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುತ್ತಾರಂತೆ. ಎದ್ದವರು ಕಣ್ಣು ಬಿಟ್ಟು ಕೇಳುವುದೂ ಸಾಮಾನ್ಯವಾಗಿ ಒಂದೇ ಪ್ರಶ್ನೆಯಂತೆ: "ಆಗೋಯ್ತಾ?"

ಇದೇ ಕೆಲಸ ಮಾಡಿ ಮಾಡಿ ಭಾವ ಮನುಷ್ಯರನ್ನು ನೋಡುವ ರೀತಿಯೇ ಬೇರೆಯಾಗಿಬಿಟ್ಟಿದೆ. "ಊಟ ಆಯ್ತಾ?" ಎಂಬ ಮಾತನ್ನೇ ತೆಗೆದುಕೊಳ್ಳಿ. ನಾವು ಯಾರಾದರೂ ಅದನ್ನು ಉತ್ತರ ಬೇಕು ಅಂತ ಕೇಳುತ್ತೇವೆಯೇ? ಭಾವ ಕೇಳುತ್ತಾರೆ. ಹೊಟ್ಟೆ ತುಂಬಿದವರಿಗೆ ಅರಿವಳಿಕೆ ಕೊಡುವುದು ಅಪಾಯವಂತೆ. ಹಾಗಾಗಿ ನೀವು "ಆಯ್ತು" ಅಂದ ತಕ್ಷಣ ಎರಡನೆಯ ಪ್ರಶ್ನೆ ಬರುತ್ತದೆ: "ಆಗಿ ಎಷ್ಟು ಹೊತ್ತಾಯ್ತು?" ಈಗ ತಾನೇ ಎಂದಿರೋ, ಮುಖ ಸಪ್ಪಗೆ ಮಾಡಿಕೊಂಡು, "ಹಾಗಾದ್ರೆ ಇವತ್ತು ನಿಮ್ಮನ್ನ ಮಲಗಿಸೋಕಾಗಲ್ಲ ಬಿಡಿ" ಎನ್ನುತ್ತಾರೆ. ಒಮ್ಮೆ ಲೀಡ್ಸಿನಿಂದ ಸ್ನೇಹಿತರೊಬ್ಬರು ಹೆಂಡತಿಯ ಜೊತೆ ಕಾರಿನಲ್ಲಿ ಬಂದರು. ದಾರಿಯುದ್ದಕ್ಕೂ ಟ್ರಾಫಿಕ್ಕು, ಹಸಿದು ಕಂಗಾಲಾಗಿದ್ದರು. ಬಾಗಿಲು ತೆರೆದ ಭಾವ ಕೇಳಿದರು, "ಊಟ ಆಯ್ತಾ?"

"ಇನ್ನೂ ಇಲ್ಲ ಡಾಕ್ಟ್ರೇ" ಎಂದರು ಅವರು, ಅಡುಗೆಮನೆಯ ಕಡೆ ಕತ್ತು ಚಾಚಿ.

"ಬೆಳಗ್ಗೆಯಿಂದ ಏನೂ ತಿಂದಿಲ್ವಾ? ನೀರೂ ಕುಡಿದಿಲ್ವಾ? ಭೇಷ್! ಹಾಗೇ ಇರಿ!" ಎಂದು ಬೆನ್ನು ತಟ್ಟಿ ಭಾವ ಒಳಗೆ ಹೋದರು. ಅಕ್ಕ ಓಡಿ ಬಂದು ತಟ್ಟೆ ಹಾಕದಿದ್ದರೆ ಆ ದಂಪತಿ ಅರಿವಳಿಕೆಯಿಲ್ಲದೆಯೇ ಎಚ್ಚರ ತಪ್ಪುತ್ತಿದ್ದರು.

ಇನ್ನೊಂದು ಸಲ ನಮ್ಮ ಚಿಕ್ಕಪ್ಪನ ಮಗಳಿಗೆ ಸಾಲ್ಫರ್ಡಿನ ಮೀಡಿಯಾಸಿಟಿಯಲ್ಲಿ, ಟೀವಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಸಂಬಂಧ ಬಂದಿತ್ತು. ಹೇಗಿದ್ದಾನೆ ನೋಡಿ ಬನ್ನಿ ಎಂದು ಮೈಸೂರಿನಿಂದ ಚಿಕ್ಕಪ್ಪ ಭಾವನನ್ನು ಕಳಿಸಿದರು. ಸಂಜೆ ಎಲ್ಲರೂ ವಿಡಿಯೋ ಕಾಲಿನಲ್ಲಿ ಕಾದು ಕೂತಿದ್ದೇವೆ. ಭಾವ ಗಂಭೀರವಾಗಿ ವರದಿ ಒಪ್ಪಿಸಿದರು: "ಹುಡುಗ ಚೆನ್ನಾಗಿದಾನೆ. ಕತ್ತು ಸ್ವಲ್ಪ ಗಿಡ್ಡ. ಬಾಯಿ ಪೂರ್ತಿ ಅಗಲ ಆಗಲ್ಲ. ಗಂಟಲಿಗೆ ಉಸಿರಿನ ಟ್ಯೂಬ್ ಹಾಕೋದು ಕಷ್ಟ." ಚಿಕ್ಕಪ್ಪ ಎದೆ ಹಿಡಿದುಕೊಂಡರು. ಮದುವೆ ಆಯಿತೆನ್ನಿ! ಮದುವೆಯ ಫೋಟೋಗಳಲ್ಲಿ ಹುಡುಗ ಕತ್ತು ಉದ್ದ ಮಾಡಿಕೊಂಡು ನಿಂತಿದ್ದಾನೆ.

ಇಂಥ ಭಾವ ಒಂದು ದಿನ ಎಲ್ಲರಂತೆ ಆಗಿಬಿಟ್ಟರು. ನಮಗೆಲ್ಲ ಹೆದರಿಕೆ ಶುರುವಾದದ್ದು ಆಗಲೇ.

ನಡೆದದ್ದು ಇಷ್ಟು. ಅಕ್ಕನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿ ಆಪರೇಷನ್ ಆಯಿತು. ದಿನಾ ನಡೆಯುವ ಮಾಮೂಲು ಆಪರೇಷನ್ನು. ಸ್ವಂತ ಮನೆಯವರಿಗೆ ಅರಿವಳಿಕೆ ಕೊಡಬಾರದೆಂಬ ಪದ್ಧತಿ ಇರುವುದರಿಂದ ಬೇರೆ ಆಸ್ಪತ್ರೆ, ಬೇರೆ ಡಾಕ್ಟರು. ಭಾವ ತಮ್ಮ ಜನ್ಮದಲ್ಲಿ ಮೊದಲ ಬಾರಿಗೆ ಆ ಬಾಗಿಲಿನ ಹೊರಗೆ ಕೂತರು. ಎಲ್ಲ ಚೆನ್ನಾಗಿಯೇ ಆಯಿತು. ಅಕ್ಕ ಏಳುವುದಕ್ಕೆ ಮಾತ್ರ ಅಂದುಕೊಂಡದ್ದಕ್ಕಿಂತ ಸ್ವಲ್ಪ ತಡಮಾಡಿದಳು. ಅವಳು ರಜೆಯ ದಿನವೂ ತಡವಾಗಿಯೇ ಏಳುವುದು, ಇದರಲ್ಲಿ ಹೊಸದೇನಿದೆ? ಆದರೆ ಹೊರಗೆ ಕೂತಿದ್ದ ಭಾವನಿಗೆ ಆ ಹೊತ್ತಿನಲ್ಲಿ ಏನಾಯಿತೋ ಆಯಿತು. ಮುಂದೆ ಕೆಲಸಕ್ಕೆ ಹೋದ ಮೊದಲ ದಿನ, ರೋಗಿಯ ಮುಖಕ್ಕೆ ಹಿಡಿಯಬೇಕಾದ ಮಾಸ್ಕನ್ನು ಅವರು ಹಾಗೇ ಕೆಳಗಿಟ್ಟುಬಿಟ್ಟರಂತೆ. ಪಕ್ಕದ ಆಪರೇಷನ್ ಥಿಯೇಟರಿನ ಸಹೋದ್ಯೋಗಿಯನ್ನು ಕರೆದು ಒಪ್ಪಿಸಿ ಮನೆಗೆ ಬಂದವರು ರಜೆಯ ಮೇಲೆ ರಜೆ ಹಾಕುತ್ತಲೇ ಹೋದರು.

ನಾನಿರುವುದು ಡರ್ಬಿಯಲ್ಲಿ, ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವ ಕೆಲಸ. ಒಂದು ಶನಿವಾರ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನ ಅಕ್ಕನ ಮನೆಗೆ ಹೋದೆ. ಭಾವ, "ಊಟ ಆಯ್ತೇನಮ್ಮಾ?" ಎಂದರು. "ಆಯ್ತು ಭಾವ" ಎಂದು ಎರಡನೆಯ ಪ್ರಶ್ನೆಗೆ ಕಾದೆ. "ಸರಿ" ಎಂದು ಟೀವಿಯ ಕಡೆ ತಿರುಗಿದರು. ನಾನು ಅಡುಗೆಮನೆಗೆ ಓಡಿದೆ.

"ಅಕ್ಕಾ, ಎಷ್ಟು ಹೊತ್ತಾಯ್ತು ಅಂತ ಕೇಳಲೇ ಇಲ್ಲ ಕಣೇ!"

"ಗೊತ್ತು. ಪೋಸ್ಟಿನವನನ್ನೂ ಕೇಳ್ತಿಲ್ಲ" ಎಂದಳು ಅಕ್ಕ, ಸೌಟು ಹಿಡಿದುಕೊಂಡೇ. "ಯಾರ ಕತ್ತೂ ನೋಡಲ್ಲ, ಡ್ರಿಪ್ ಹಾಕೋಕೆ ಸಿಗುತ್ತಾ ಅಂತ ಯಾರ ಕೈ ನರಾನೂ ನೋಡಲ್ಲ. ನನ್ನನ್ನ ಮಾತ್ರ ನೋಡ್ತಾರೆ. ಉಸಿರಾಡ್ತಿದೀನಾ ಇಲ್ವಾ ಅಂತ. ಸರಿಯಾಗಿ ನಿದ್ದೇನೇ ಮಾಡ್ತಿಲ್ಲ. ಮುಂದಿನ ಡ್ಯೂಟಿ ಪಟ್ಟೀಲಿ ಒಂದು ಸೋಮವಾರಕ್ಕೆ ಹೆಸರು ಹಾಕಿದಾರಂತೆ. ಆ ಸೋಮವಾರ ಹೋಗಕ್ಕಾಗ್ಲಿಲ್ಲ ಅಂದ್ರೆ ಕೆಲಸಾನೇ ಬಿಟ್ಬಿಡ್ತೀನಿ ಅಂತಿದಾರೆ."

ಅಕ್ಕ ಗಣಿತದ ಮೇಡಂ. ಯಾವ ಕಷ್ಟಕ್ಕೂ ಒಂದು ಉತ್ತರ ಇದ್ದೇ ಇರುತ್ತದೆ ಎಂದು ನಂಬಿದವಳು. ಆ ಸೋಮವಾರಕ್ಕೆ ಮುಂಚಿನ ವಾರ ಆಲ್ಪ್ಸ್ ಬೆಟ್ಟದ ಮೇಲಿನ ಒಂದು ಹೋಟೆಲನ್ನು ಬುಕ್ ಮಾಡಿಬಿಟ್ಟಳು. ಹೆಂಡತಿಗೆ ಆರೈಕೆಯೆಂದು ಭಾವನಿಗೆ ಹೇಳಿದ್ದು, ನಿಜವಾಗಿ ಆರೈಕೆ ಬೇಕಾಗಿದ್ದದ್ದು ಅವರಿಗೆ. "ನೀನೂ ಬಾರೇ" ಎಂದು ನನ್ನನ್ನೂ ಎಳೆದಳು. "ನಾನೊಬ್ಬಳೇ ಆದ್ರೆ ನನ್ನನ್ನೇ ನೋಡ್ತಾ ಕೂತಿರ್ತಾರೆ. ನೀನಿದ್ರೆ ಸ್ವಲ್ಪ ಹೊತ್ತು ನಿನ್ನನ್ನೂ ನೋಡ್ಲಿ!"

ಆತಂಕ ವಿಮಾನದಲ್ಲೇ ಆರಂಭವಾಯಿತು. ರೆಕ್ಕೆಯ ಕಡೆ ನೋಡುತ್ತಿದ್ದ ಭಾವ ನನ್ನ ಕಿವಿಯಲ್ಲಿ ಕೇಳಿದರು, "ಇದು ನೀವು ಮಾಡಿದ ಎಂಜಿನ್ನಾ?"

"ಅಲ್ಲ ಭಾವ, ಬೇರೆ ಕಂಪನಿಯದು."

"ಸದ್ಯ!" ಎಂದು ಅವರು ಸೀಟಿಗೆ ಒರಗಿಕೊಂಡರು. ನಾನು ಎರಡು ಮೋಡ ದಾಟುವವರೆಗೆ ಅವರೊಡನೆ ಮಾತಾಡಲಿಲ್ಲ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ನಮ್ಮ ಬೆಟ್ಟ ಹತ್ತಿರ ಹೋದ ಮೇಲೆ ಕಣ್ಣಿಗೇ ಬೀಳಲಿಲ್ಲ! ಜಾಹೀರಾತಿನಲ್ಲಿ ಹೋಟೆಲಿನ ಬೆನ್ನಿಗೆ ದೊಡ್ಡದೊಂದು ಹಿಮದ ಶಿಖರ ನಿಂತಿತ್ತು. ನಾವು ಹೋದಾಗ ಅಲ್ಲಿ ನಿಂತಿದ್ದದ್ದು ಮೋಡ. ರಿಸೆಪ್ಷನ್ನಿನ ಹೆಂಗಸು ಆ ಬಿಳಿ ಮೋಡದ ಕಡೆ ಹೆಮ್ಮೆಯಿಂದ ಕೈ ತೋರಿಸಿ, "ಅದೇ ನಮ್ಮ ಶಿಖರ. ನಾಳೆ ಕಾಣಿಸುತ್ತದೆ" ಎಂದಳು. ಮರುದಿನ ಕೇಳಿದರೂ ನಾಳೆ ಎಂದಳು. ಹಿಂದೆ ನಮ್ಮ ಬೀದಿಯಲ್ಲಿ ದೆವ್ವ ಬಾರದಿರಲೆಂದು ಬಾಗಿಲಿನ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಲ್ಲ, ಅದು ನೆನಪಾಯಿತು.

ಉಳಿದಂತೆ ಹೋಟೆಲು ಸೊಗಸಾಗಿತ್ತು. ಮರದ ಗೋಡೆ, ಮೆತ್ತನೆಯ ಹಾಸಿಗೆ, ಹಬೆಯಾಡುವ ಈಜುಕೊಳ. ಸಸ್ಯಾಹಾರ ಎಂದರೆ ಚೀಸ್ ಹಾಕಿದ ಒಂದು ಉಂಡೆ. ಮರುದಿನ ಅದೇ ಉಂಡೆ ಚಪ್ಪಟೆಯಾಗಿ ಬರುತ್ತಿತ್ತು. ಅಕ್ಕ ಚಟ್ನಿಪುಡಿ ತಂದಿದ್ದಳು, ಹೇಗೋ ಗಂಟಲಲ್ಲಿ ಇಳಿಯಿತು. ಆದರೆ ಆ ಹೋಟೆಲಿನವರು ಬಹಳ ಹೊಗಳಿಕೊಂಡಿದ್ದದ್ದು ತಮ್ಮ ನಿಶ್ಶಬ್ದವನ್ನು. ಟೀವಿ ಇಲ್ಲ, ರೇಡಿಯೋ ಇಲ್ಲ, ಕೋಣೆಯ ಬಾಗಿಲು ಮುಚ್ಚಿದರೂ ಸದ್ದಾಗುವುದಿಲ್ಲ. ಅಕ್ಕನ ಲೆಕ್ಕ ತಪ್ಪಿದ್ದು ಇಲ್ಲಿಯೇ. ಅರಿವಳಿಕೆಯ ಡಾಕ್ಟರಿಗೆ ನಿಶ್ಶಬ್ದ ಎಂದರೆ ನೆಮ್ಮದಿಯೇ? ರೋಗಿಯ ನಾಡಿ ಮೆಷೀನಿನಲ್ಲಿ ಟಿಂಗ್ ಟಿಂಗ್ ಎನ್ನುತ್ತಿದ್ದರೆ ಅವರಿಗೆ ನೆಮ್ಮದಿ. ಸದ್ದು ನಿಂತರೆ ಎದ್ದು ಓಡುವುದು ಅವರ ರೂಢಿ. ಆ ಮೌನದೊಳಗೆ ಭಾವ ಬೆಕ್ಕು ಕಂಡ ಇಲಿಯ ಹಾಗೆ ಆದರು. ತಿಂಡಿಯ ಮೇಜಿನಲ್ಲಿ ಜೇಬಿನಿಂದ ಬೆರಳಿಗೆ ಹಾಕುವ ಆಕ್ಸಿಜನ್ ನೋಡುವ ಕ್ಲಿಪ್ ತೆಗೆದು, "ಬೆಟ್ಟದ ಮೇಲಿದೀವಲ್ಲ, ಸುಮ್ನೆ ಒಂದ್ಸಲ ನೋಡ್ತೀನಿ" ಎಂದು ಅಕ್ಕನ ಕೈ ಹುಡುಕುವರು. ಅಕ್ಕ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟು ಒಂದೇ ಕೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುವಳು.

ಕಡೆಗೆ ಭಾವನನ್ನು ಕಾಪಾಡಿದ್ದು ಹಸುಗಳು. ಕಿಟಕಿಯ ಕೆಳಗಿನ ಹುಲ್ಲುಗಾವಲಿನಲ್ಲಿ ಮೇಯುವ ಹಸುಗಳ ಕೊರಳಲ್ಲಿ ದೊಡ್ಡ ದೊಡ್ಡ ಗಂಟೆ. ಟಣ್ ಟಣ್ ಎಂದು ಕೇಳುತ್ತಿದ್ದರೆ ಭಾವನ ಭುಜ ಸಡಿಲಾಗುತ್ತಿತ್ತು. ಹಸು ಮಲಗಿ ಮೆಲುಕು ಹಾಕತೊಡಗಿದರೆ ಮಾತ್ರ ಕಷ್ಟ! ಗಂಟೆ ನಿಂತದ್ದೇ ಭಾವ ಕಿಟಕಿಗೆ ಓಡಿ ನೋಡುವರು. ನಾನು, "ಭಾವ, ಅದಕ್ಕೆ ಊಟ ಆಗಿದೆ, ಮಲಗಿದೆ" ಎಂದೆ. ಅವರು ಎರಡನೆಯ ಪ್ರಶ್ನೆ ಕೇಳುತ್ತಾರೇನೋ ಎಂದು ಆಸೆಪಟ್ಟೆ. ಕೇಳಲಿಲ್ಲ.

ಒಂದು ಮಧ್ಯಾಹ್ನ ಭಾವ ಸೌನಾಕ್ಕೆ ಹೋಗುತ್ತೇನೆಂದು ಹೊರಟರು. ಬಿಸಿಯಲ್ಲಿ ಬೆವರು ಹರಿಸುವ ಆ ಮರದ ಕೋಣೆಯೊಳಗೆ ಬಟ್ಟೆ ಹಾಕಿಕೊಳ್ಳುವಂತಿಲ್ಲ, ಗಂಡಸು ಹೆಂಗಸು ಎಂಬ ಭೇದವೂ ಇಲ್ಲ ಎಂದು ನಮಗೇನು ಗೊತ್ತು? ಹಿಂದೆಯೇ ಹೋದ ಅಕ್ಕ ಮತ್ತು ನಾನು ಬಾಗಿಲು ಅರ್ಧ ತೆರೆದು, "ಶಿವ ಶಿವಾ" ಎಂದು ಓಡಿ ಬಂದೆವು. ಭಾವ ಮಾತ್ರ ಈಜುವ ಚಡ್ಡಿಯಲ್ಲೇ ಒಳಗೆ ಹೋದವರು ಬರಲಿಲ್ಲ. ನಮಗೋ ಹೊರಗೆ ನಾಚಿಕೆ, ಗಾಬರಿ. ಕೊನೆಗೆ ಕೆಂಪಗೆ ಬೆಂದು ಹೊರಗೆ ಬಂದರು. ಕಣ್ಣಲ್ಲಿ ಎಂಥದೋ ಹೊಳಪು.

"ಏನ್ರೀ, ಒಳಗೆ ಎಲ್ಲಾ ಹಾಗೇ ಕೂತಿದಾರಲ್ರೀ!" ಎಂದಳು ಅಕ್ಕ.

"ಹೇಗೆ ಕೂತಿದಾರೆ? ನಾನು ನೋಡ್ಲಿಲ್ಲ" ಎಂದರು ಭಾವ. "ಆದ್ರೆ ಮೂಲೇಲಿ ಒಬ್ರು ಯಜಮಾನ್ರು ಕೂತಿದಾರೆ, ಬಿಳೀ ಮೀಸೆ. ಎಂಥಾ ನರ ಅಂತೀ ಅವರ ಕೈಲಿ! ಕಣ್ಣು ಮುಚ್ಕೊಂಡು ಡ್ರಿಪ್ ಹಾಕ್ಬಹುದು!"

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಭಾವ ಎಷ್ಟೋ ದಿನಗಳ ಮೇಲೆ ಬೇರೆಯವರ ನರ ನೋಡಿದ್ದರು! ಆ ಸಂಜೆ ಚಪ್ಪಟೆ ಉಂಡೆಯೂ ನಮಗೆ ರುಚಿಯಾಗಿತ್ತು.

ಆದರೆ ಸಂತೋಷ ಮಾರನೆಯ ದಿನಕ್ಕೆ ಉಳಿಯಲಿಲ್ಲ. ಹೋಟೆಲಿನಲ್ಲಿ ವಿಶ್ರಾಂತಿಗೆಂದೇ ಗಾಜಿನ ಗೋಡೆಯ ಒಂದು ಕೋಣೆಯಿತ್ತು. ಬೆಟ್ಟದ ಕಡೆಗೆ, ಅಂದರೆ ಮೋಡದ ಕಡೆಗೆ ಮುಖ ಮಾಡಿದ ಸಾಲು ಸಾಲು ಒರಗುಕುರ್ಚಿಗಳು. ಎಲ್ಲರೂ ಬಿಳಿ ನಿಲುವಂಗಿ ತೊಟ್ಟು, ಎದೆಯವರೆಗೆ ಕಂಬಳಿ ಹೊದ್ದು, ಕಣ್ಣು ಮುಚ್ಚಿ ಮಲಗಿರುತ್ತಾರೆ. ಬಾಗಿಲಿನಲ್ಲಿ ತುಟಿಯ ಮೇಲೆ ಬೆರಳಿಟ್ಟ ಚಿತ್ರ. ಆಪರೇಷನ್ ಆದವರನ್ನು ಎಬ್ಬಿಸುವ ವಾರ್ಡೂ ಹೀಗೆಯೇ ಇರುತ್ತದೆಂದು ನನಗೆ ಆಮೇಲೆ ಹೊಳೆಯಿತು. ಅಕ್ಕ ಮಲಗಿದ ತಕ್ಷಣ ನಿದ್ದೆ ಹೋದಳು. ನಾನು ಆಚೆ, ಭಾವ ಈಚೆ. ಅವರು ಅಕ್ಕನ ಕಂಬಳಿಯನ್ನೇ ನೋಡುತ್ತಿದ್ದರು. ಅದೋ ದಪ್ಪ ಉಣ್ಣೆಯ ಕಂಬಳಿ, ಒಳಗೆ ಎದೆ ಏರಿಳಿದರೂ ಹೊರಗೆ ಕಾಣುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಕೆಳಗಿನ ಹಸುಗಳನ್ನು ಯಾರೋ ಹೊಡೆದುಕೊಂಡು ಹೋದರು. ಗಂಟೆಯ ಸದ್ದು ದೂರವಾಗಿ ನಿಂತುಹೋಯಿತು.

ಭಾವ ಚಂಗನೆ ಎದ್ದರು. ಅಕ್ಕನ ತಲೆಯ ಹತ್ತಿರ ಬಗ್ಗಿ, ಆಪರೇಷನ್ ಥಿಯೇಟರಿನ ಗಂಟಲಿನಲ್ಲಿ, ಇಂಗ್ಲಿಷಿನಲ್ಲಿ ಗುಡುಗಿದರು: "ಕಣ್ಣು ಬಿಡಿ! ಜೋರಾಗಿ ಉಸಿರೆಳೀರಿ!"

ಇಡೀ ಕೋಣೆ ಕಣ್ಣು ಬಿಟ್ಟು ಒಟ್ಟಿಗೆ ಉಸಿರೆಳೆದುಕೊಂಡಿತು! ಒಬ್ಬಾಕೆಯ ಟೀ ಲೋಟ ಉರುಳಿತು. ಮುಂದಿನ ಸಾಲಿನಲ್ಲಿದ್ದ ಒಳ್ಳೆಯ ನರದ ಯಜಮಾನರು ಎದ್ದು ಕೂತು, ಎದೆ ತುಂಬ ಉಸಿರು ಹಿಡಿದುಕೊಂಡು, ಬಿಡಬಹುದೇ ಎಂದು ಭಾವನ ಮುಖ ನೋಡಿದರು. ಅಷ್ಟು ಜನ ಎದ್ದರೂ ಏಳದೆ ಇದ್ದವಳು ಅಕ್ಕ ಒಬ್ಬಳೇ. ಭಾವ ಅವಳ ಭುಜ ಹಿಡಿದು ಅಲ್ಲಾಡಿಸಿದರು.

"ಏನ್ರೀ? ಬೆಲ್ ಆಯ್ತಾ?" ಎಂದು ಅಕ್ಕ ಕಣ್ಣುಜ್ಜಿಕೊಂಡಳು.

ನಾನು ಸುತ್ತಲಿನವರಿಗೆಲ್ಲ ಕೈಮುಗಿದು ಕ್ಷಮೆ ಕೇಳುತ್ತ ಇಬ್ಬರನ್ನೂ ಹೊರಗಿನ ಜಗಲಿಗೆ ಕರೆತಂದೆ. ನಗು ಬರುತ್ತಿತ್ತು, ಅಕ್ಕನ ಮುಖ ನೋಡಿ ನುಂಗಿಕೊಂಡೆ.

"ನಾನು ಪೇಷಂಟ್ ಅಲ್ಲಾ ರೀ" ಎಂದಳು ಅವಳು. ಗಣಿತದ ಮೇಡಮ್ಮಿನ ದನಿ ಎಲ್ಲಿ ಹೋಗಿತ್ತೋ. "ಹೊಲಿಗೆ ಮಾಯ್ದು ಸ್ಕೂಲಿಗೂ ಹೋಗ್ತಿದೀನಿ. ನೀವೊಬ್ರೇ ಇನ್ನೂ ಆ ಬಾಗಿಲ ಹೊರಗೇ ಕೂತಿದೀರ. ಎದ್ದು ಬನ್ರೀ."

ಭಾವ ಮೋಡದ ಕಡೆ ನೋಡುತ್ತ ನಿಂತರು. ಆಮೇಲೆ ಹೇಳಿದರು, "ಇಷ್ಟು ವರ್ಷ ಎಲ್ಲರ್ಗೂ ಆ ಮಾತು ಹೇಳ್ತಿದ್ದೆ. ನೀವು ಏಳೋವರೆಗೂ ಇಲ್ಲೇ ಇರ್ತೀನಿ ಅಂತ. ಬಾಯಿಪಾಠದ ಹಾಗೆ ಬರ್ತಿತ್ತು. ಅವತ್ತು ಹೊರಗೆ ಕೂತಾಗ ಒಂದೇ ಯೋಚ್ನೆ. ಒಳಗೆ ನಿಂಗೆ ಆ ಮಾತು ಯಾರಾದ್ರೂ ಹೇಳಿದ್ರೋ ಇಲ್ವೋ, ಹೇಳಿದವರು ಇದಾರೋ ಇಲ್ವೋ. ಈಗ ಪೇಷಂಟ್ ಕೈ ಹಿಡ್ಕೊಂಡ್ರೆ ಆ ಮಾತು ಬಾಯಿಗೇ ಬರಲ್ಲ. ಅದನ್ನ ಹೇಳ್ದೆ ಒಬ್ಬರನ್ನ ಹೇಗೆ ಮಲಗಿಸ್ಲಿ? ಸೋಮವಾರ ನಾನು ಹೋಗಲ್ಲ."

ಅಕ್ಕ ಅವರ ನಿಲುವಂಗಿಯ ತೋಳು ಹಿಡಿದುಕೊಂಡಳು. "ಹೇಳಿದ್ರು ರೀ. ಆ ಡಾಕ್ಟ್ರು ಹುಡುಗಿ ನನ್ನ ಕೈ ಹಿಡ್ಕೊಂಡು ಅದೇ ಮಾತು ಹೇಳಿದ್ಳು. ಎದ್ದಾಗ ಅಲ್ಲೇ ಇದ್ಳು. ನಿಮ್ಮ ಹತ್ರ ಕಲಿತವಳಂತೆ. ನೀವು ಕೇಳ್ಲೇ ಇಲ್ವಲ್ಲ!"

ಭಾವ ಮಿಕ್ಕ ಮಧ್ಯಾಹ್ನವೆಲ್ಲ ಆ ಜಗಲಿಯ ಮೇಲೆಯೇ ಕೂತಿದ್ದರು. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿದೆಯೋ ತಿಳಿಯದೆ ನನಗೆ ಉಂಡೆಯೂ ಸೇರಲಿಲ್ಲ, ಚಟ್ನಿಪುಡಿಯೂ ಸೇರಲಿಲ್ಲ.

ಮರುದಿನ ನಮ್ಮ ಕೊನೆಯ ದಿನ. ಮಧ್ಯಾಹ್ನ ಅಕ್ಕ ಭಾವನ ಕೈ ಹಿಡಿದು ಅದೇ ವಿಶ್ರಾಂತಿಯ ಕೋಣೆಗೆ ನಡೆಸಿಕೊಂಡು ಹೋದಳು. ಒಳಗಿದ್ದವರೆಲ್ಲ ನಮ್ಮನ್ನು ಕಂಡು ತಾವಾಗಿಯೇ ಒಂದು ಉಸಿರೆಳೆದುಕೊಂಡರು! ಅಕ್ಕ ಭಾವನನ್ನು ಮಲಗಿಸಿ, ಕಂಬಳಿ ಹೊದಿಸಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಅವರ ಜೇಬಿನಿಂದ ಕ್ಲಿಪ್ಪು ತೆಗೆದು ಅವರದೇ ಬೆರಳಿಗೆ ಹಾಕಿದಳು. ಆಮೇಲೆ ಆ ಕೈ ಹಿಡಿದು, "ಮಲ್ಕೊಳ್ಳಿ. ನೀವು ಏಳೋವರೆಗೂ ನಾನು ಇಲ್ಲೇ ಇರ್ತೀನಿ" ಎಂದಳು.

ಈ ಮಾತನ್ನು ಅಷ್ಟು ಜನಕ್ಕೆ ಹೇಳಿದವರಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಭಾವ ಅಕ್ಕನನ್ನು ನೋಡಿದರು, ಕಣ್ಣು ಮುಚ್ಚಿದರು, ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯತೊಡಗಿದರು. ಎಂಥ ಗೊರಕೆ! ಅಲ್ಲಿದ್ದವರು ಯಾರೂ ಶ್ ಎನ್ನಲಿಲ್ಲ. ಅಷ್ಟರಲ್ಲಿ ಮೋಡ ಸರಿದು ಬೆಟ್ಟ ಕಾಣಿಸಿತು, ನೆತ್ತಿಯವರೆಗೆ, ಜಾಹೀರಾತಿನಲ್ಲಿದ್ದಂತೆಯೇ. "ಅಕ್ಕಾ, ಭಾವನ್ನ ಎಬ್ಬಿಸ್ಲಾ?" ಎಂದು ಪಿಸುಗುಟ್ಟಿದೆ. "ಬೇಡ ಕಣೇ, ಬೆಟ್ಟ ಹಾಳಾಗಿ ಹೋಗ್ಲಿ" ಎಂದಳು. ಬಿಳಿ ಮೀಸೆಯ ಯಜಮಾನರು ಮೆಲ್ಲಗೆ ಎದ್ದು ಬಂದು, ಭಾವನ ಮೇಲೆ ಬಗ್ಗಿ, ಕಂಬಳಿಯನ್ನು ಗಮನವಿಟ್ಟು ನೋಡಿ, ಉಸಿರಾಡುತ್ತಿದ್ದಾರೆ ಎಂದು ನಮಗೆ ಹೆಬ್ಬೆರಳು ಎತ್ತಿ ತೋರಿಸಿ ಹೋದರು.

ಭಾವ ಎದ್ದಾಗ ಬೆಟ್ಟ ಮತ್ತೆ ಮೋಡದೊಳಗಿತ್ತು. ಕಣ್ಣು ಬಿಟ್ಟು, ತಮ್ಮ ಕೈ ಹಿಡಿದಿದ್ದ ಅಕ್ಕನನ್ನು ನೋಡಿ, "ಆಗೋಯ್ತಾ?" ಎಂದರು.

"ಆಗೋಯ್ತು" ಎಂದಳು ಅಕ್ಕ.

ಸೋಮವಾರ ಏನು ಮಾಡುತ್ತೀರೆಂದು ಕೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ. ವಿಮಾನದಲ್ಲಿ ಕೇಳಲಿಲ್ಲ, ಅವರ ಮನೆಯ ಬಾಗಿಲಿನಲ್ಲಿ ಕೇಳಲಿಲ್ಲ. ನಾನು ಡರ್ಬಿಗೆ ಬಂದೆ. ಸೋಮವಾರ ಬೆಳಗ್ಗೆಯಿಂದ ಎಂಜಿನ್ನಿನ ಎದುರು ನಿಂತಿದ್ದೇನೆ, ಏನೂ ತಲೆಗೆ ಹತ್ತುತ್ತಿಲ್ಲ. ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ಫೋನು ಬಂತು. ಭಾವ. ಹಿಂದೆ ಯಾರೋ ಟ್ರಾಲಿ ತಳ್ಳಿಕೊಂಡು ಹೋಗುವ ಸದ್ದು, ದೂರದಲ್ಲಿ ಟಿಂಗ್ ಟಿಂಗ್.

"ಏನಮ್ಮಾ, ಊಟ ಆಯ್ತಾ?"

"ಆಯ್ತು ಭಾವ" ಎಂದೆ. ನಲ್ಲಿ ನಿಲ್ಲಿಸಿ ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಆಗಿ ಎಷ್ಟು ಹೊತ್ತಾಯ್ತು?"

ನಾನು ಆ ನಲ್ಲಿಯ ಮುಂದೆ ನಿಂತು ಅತ್ತುಬಿಟ್ಟೆ. ಅತ್ತ ಕಡೆಯಿಂದ ಭಾವ, "ಹಲೋ? ಲೈನಲ್ಲಿದೀಯಾ? ಏನು ತಿಂದೆ ಹೇಳು" ಎನ್ನುತ್ತಿದ್ದರು.

"ಈಗ ತಾನೇ ಆಯ್ತು ಭಾವ" ಎಂದೆ ಹೇಗೋ.

"ಹಾಗಾದ್ರೆ ಇವತ್ತು ನಿನ್ನ ಮಲಗಿಸೋಕಾಗಲ್ಲ ಬಿಡು" ಎಂದರು. "ಇಡ್ತೀನಿ. ಒಳಗೆ ಒಬ್ರು ಕಾಯ್ತಿದಾರೆ."